ಬಿಡುವಿನ ಕೊನೆಯ ದಿನ

ರಜೆಯ ಮೊದಲ ದಿನವನ್ನು ಯಾರೂ ಹೊಗಳಬೇಕಾಗಿಲ್ಲ. ಅದು ತಾನಾಗಿಯೇ ಎಲ್ಲರಿಗೂ ಪ್ರಿಯ. ಕೊನೆಯ ದಿನದ ಪಾಡು ಬೇರೆ. ಅದರ ಪರವಾಗಿ ವಾದಿಸುವವರು ಬೇಕು. ಹೊರಡುವ ದಿನವೆಂದರೆ ಗಂಟುಮೂಟೆ ಕಟ್ಟುವ ದಿನ, ಗಡಿಯಾರವನ್ನು ಮತ್ತೆ ಮತ್ತೆ ನೋಡುವ ದಿನ, ಕಾಣದೆ ಉಳಿದುದನ್ನು ನೆನೆದು ಕೊರಗುವ ದಿನ ಎಂದೇ ಜನ ಬಗೆಯುತ್ತಾರೆ. ಆದರೆ ಒಬ್ಬನಿಗೆ ಬಿಡುವನ್ನು ಅನುಭವಿಸಲು ಬರುತ್ತದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಆ ದಿನದಲ್ಲಿಯೇ.

ಫ್ರಾನ್ಸ್ ದೇಶದ ವಾಯವ್ಯ ಭಾಗದಲ್ಲಿ, ಬ್ರಿಟ್ಟನಿ ಪ್ರಾಂತದ ಕಡಲ ತೀರದಲ್ಲಿ, ಸ್ಯಾನ್ ಮಾಲೊ ಎಂಬ ಕೋಟೆಯೂರು ಇದೆ. ಪ್ಯಾರಿಸ್ಸಿನಿಂದ ವೇಗದ ರೈಲಿನಲ್ಲಿ ಮೂರು ಗಂಟೆಯೊಳಗೆ ಅಲ್ಲಿಗೆ ತಲಪಬಹುದು. ಹೀಗಾಗಿ ರಾಜಧಾನಿಯ ಸಂಸಾರಗಳು ಮೂರು ನಾಲ್ಕು ದಿನಗಳ ಸಣ್ಣ ರಜೆಗೆ ಅಲ್ಲಿಗೆ ಹೋಗುವುದುಂಟು. ಅಂಥ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ತಂದೆ, ತಾಯಿ, ಇಬ್ಬರು ಮಕ್ಕಳು, ಜೊತೆಗೊಬ್ಬ ಅಜ್ಜಿ. ಮೂರು ದಿನಗಳು ಕಳೆದಿವೆ. ನಾಲ್ಕನೆಯ ದಿನ ಸಂಜೆ ರೈಲು.

ಬೆಳಗ್ಗೆ ಬಾಡಿಗೆಯ ಮನೆಯನ್ನು ಗುಡಿಸಿ ಒರೆಸಿ ಬೀಗದ ಕೈಯನ್ನು ಒಪ್ಪಿಸಬೇಕು. ಎಷ್ಟು ಗುಡಿಸಿದರೂ ಮೂಲೆಯಲ್ಲಿ ಒಂದಿಷ್ಟು ಮರಳು ಉಳಿದೇ ಉಳಿಯುತ್ತದೆ. ಆ ಕೆಲಸ ಮುಗಿದ ಮೇಲೆ ಪ್ರಶ್ನೆ ಏಳುತ್ತದೆ: ಸಂಜೆಯವರೆಗೆ ಏನು ಮಾಡುವುದು? ತಂದೆಯ ಬಳಿ ಉತ್ತರ ಸಿದ್ಧವಾಗಿದೆ. ಐವತ್ತು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿ ಜಗತ್ಪ್ರಸಿದ್ಧವಾದ ಮಾಂ ಸ್ಯಾನ್ ಮಿಶೆಲ್ ಇದೆ. ಕಡಲ ನಡುವಿನ ಬಂಡೆಯ ಮೇಲೆ ಎದ್ದುನಿಂತ ಆ ಮಠವನ್ನು ನೋಡದೆ ಮರಳುವುದುಂಟೆ? ಬೇಗ ಹೊರಟರೆ, ಊಟವನ್ನು ದಾರಿಯಲ್ಲಿಯೇ ಮುಗಿಸಿದರೆ, ಅಲ್ಲಿ ಒಂದು ಗಂಟೆ ಸಿಕ್ಕೀತು. ಅಜ್ಜಿ ಮಾತ್ರ, "ನೀವು ಹೋಗಿ ಬನ್ನಿ ಮಗು, ನಾನು ಇಲ್ಲೇ ಕಡಲ ಮುಂದೆ ಕುಳಿತಿರುತ್ತೇನೆ" ಎನ್ನುತ್ತಾಳೆ.

ತಂದೆಯ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಹಣ ಖರ್ಚಾಗಿದೆ, ಮತ್ತೆ ಬರುವುದು ಯಾವಾಗಲೋ. ಆದರೂ ಈ ವಿವಾದದಲ್ಲಿ ಅಜ್ಜಿಯ ಪಕ್ಷವೇ ಬಲವಾದದ್ದು. ಓಡೋಡಿ ನೋಡಿದ ಮಠ ಪಟ್ಟಿಯಲ್ಲಿ ಒಂದು ಹೆಸರಾಗುತ್ತದೆಯೇ ಹೊರತು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಕೆಲಸದ ದಿನಗಳ ಅವಸರವನ್ನು ಕಳೆಯಲೆಂದು ಬಂದವರು ಅದೇ ಅವಸರವನ್ನು ಕಡಲ ತೀರಕ್ಕೂ ಹೊತ್ತು ತಂದರೆ, ಊರು ಬದಲಾಯಿತು, ಅಷ್ಟೆ.

ಇಷ್ಟಕ್ಕೂ ಸುಮ್ಮನೆ ಕುಳಿತವರಿಗೆ ಸ್ಯಾನ್ ಮಾಲೊದಲ್ಲಿ ನೋಡಲು ಕೊರತೆಯಿಲ್ಲ. ಯೂರೋಪಿನಲ್ಲಿಯೇ ಅತಿ ಎತ್ತರದ ಭರತ ಇಳಿತಗಳು ಕಾಣುವ ತಾಣಗಳಲ್ಲಿ ಅದೂ ಒಂದು. ಹುಣ್ಣಿಮೆ ಅಮಾವಾಸ್ಯೆಗಳ ಹೊತ್ತಿನ ದೊಡ್ಡ ಭರತಗಳಲ್ಲಿ ನೀರಿನ ಮಟ್ಟ 12 ಮೀಟರಿಗೂ ಮೀರಿ ಏರಿಳಿಯುವುದುಂಟು. ನಾಲ್ಕು ಅಂತಸ್ತಿನ ಮನೆಯೊಂದು ಮುಳುಗಿ ಮತ್ತೆ ಮೇಲೇಳುವಷ್ಟು! ನೀರು ಇಳಿದಾಗ ಗ್ರಾನ್ ಬೆ ಎಂಬ ಪುಟ್ಟ ದ್ವೀಪಕ್ಕೆ ಕಲ್ಲುದಾರಿಯೊಂದು ತೆರೆದುಕೊಳ್ಳುತ್ತದೆ. ಅಲ್ಲಿ 1848ರಲ್ಲಿ ನಿಧನನಾದ ಶಾತೋಬ್ರಿಯಾಂ ಎಂಬ ಸಾಹಿತಿಯ ಸಮಾಧಿಯಿದೆ. ಸಮಾಧಿಯ ಮೇಲೆ ಹೆಸರಿಲ್ಲ. ಕಡಲಿಗೆ ಮುಖಮಾಡಿದ ಸಾದಾ ಕಲ್ಲು, ಒಂದು ಶಿಲುಬೆ, ಇಷ್ಟೆ. ಹೋದವರು ನೀರು ಏರುವ ಮುನ್ನ ಮರಳಬೇಕು. ಹೊತ್ತು ಮೀರಿದರೆ ಮತ್ತೆ ನೀರು ಇಳಿಯುವತನಕ ದ್ವೀಪದಲ್ಲಿಯೇ ಕಾಯಬೇಕು. ಅಲ್ಲಿ ಮನುಷ್ಯನ ಗಡಿಯಾರ ನಡೆಯದು, ಚಂದ್ರನದೇ ನಡೆಯುವುದು.

ಅಜ್ಜಿಗೆ ಕಡಲ ಮುಂದೆ ಸುಮ್ಮನೆ ಕುಳಿತುಕೊಳ್ಳುವ ಹಟ ಏಕೆ ಎಂಬುದಕ್ಕೆ ಅವಳ ತಂದೆಯ ಕಾಲಕ್ಕೆ ಹೋಗಬೇಕಾಗುತ್ತದೆ. ಫ್ರಾನ್ಸಿನ ಸಾಮಾನ್ಯ ಕೆಲಸಗಾರನಿಗೆ ಇಂಥ ರಜೆ ಎಂಬುದು ಹಿಂದಿನಿಂದ ಬಂದ ಸೊತ್ತಲ್ಲ. 1936ರವರೆಗೆ ಕಾರ್ಖಾನೆಗಳ ಬಹುಪಾಲು ಕೆಲಸಗಾರರಿಗೆ ಕೆಲಸ ಬಿಟ್ಟ ದಿನ ಕೂಲಿಯೂ ಇಲ್ಲ. ಕಡಲ ತೀರ ಸಿರಿವಂತರ ವಿಹಾರಸ್ಥಾನವಾಗಿತ್ತು. ಆ ವರ್ಷದ ಮೇ ಜೂನ್ ತಿಂಗಳುಗಳಲ್ಲಿ ಲಕ್ಷಾಂತರ ಕೆಲಸಗಾರರು ಮುಷ್ಕರ ಹೂಡಿದರು. ಲೆಯೋಂ ಬ್ಲುಮ್‌ನ ನೇತೃತ್ವದ ಸರಕಾರ ಜೂನ್ 20ರಂದು ಎರಡು ವಾರಗಳ ವೇತನಸಹಿತ ರಜೆಯನ್ನು ಶಾಸನವನ್ನಾಗಿ ಮಾಡಿತು. ಕ್ರೀಡೆ ಮತ್ತು ವಿರಾಮಗಳ ಹೊಣೆ ಹೊತ್ತಿದ್ದ ಲೆಯೊ ಲಗ್ರಾಂಜ್ ಎಂಬ ತರುಣ ಮಂತ್ರಿ ಕೆಲಸಗಾರರ ಸಂಸಾರಗಳಿಗೆ ರೈಲು ದರದಲ್ಲಿ ನೂರಕ್ಕೆ 40ರಷ್ಟು ರಿಯಾಯಿತಿ ದೊರಕಿಸಿದ. ಆ ಬೇಸಗೆಯಲ್ಲಿ ಎಷ್ಟೋ ಮಂದಿ ಬದುಕಿನಲ್ಲಿ ಮೊದಲ ಬಾರಿಗೆ ಕಡಲನ್ನು ಕಂಡರು. ಅವರಲ್ಲೊಬ್ಬ ಈ ಅಜ್ಜಿಯ ತಂದೆಯಾಗಿದ್ದರೆ ಆಶ್ಚರ್ಯವೇನೂ ಇಲ್ಲ.

ಕಂಡವರ ಕಣ್ಣು ಕುಕ್ಕದೆ ಇರಲಿಲ್ಲ. ಲಗ್ರಾಂಜನನ್ನು 'ಸೋಮಾರಿತನದ ಮಂತ್ರಿ' ಎಂದು ವಿರೋಧಿಗಳು ಗೇಲಿ ಮಾಡಿದರು. 1940ರಲ್ಲಿ ಜರ್ಮನಿಯ ಮುಂದೆ ಫ್ರಾನ್ಸ್ ಸೋತಾಗ, ಜನರಲ್ಲಿ ತ್ಯಾಗಬುದ್ಧಿ ಕುಗ್ಗಿ ಸುಖಲಾಲಸೆ ಹೆಚ್ಚಿದ್ದೇ ಸೋಲಿಗೆ ಕಾರಣವೆಂದು ಮಾರ್ಷಲ್ ಪೆತಾಂ ಸಾರಿದ. ಆದರೆ ಅದೇ ಜೂನ್ ತಿಂಗಳಿನಲ್ಲಿ, ಸ್ವಂತ ಇಚ್ಛೆಯಿಂದ ಸೇನೆ ಸೇರಿದ್ದ 'ಸೋಮಾರಿತನದ ಮಂತ್ರಿ' ರಣರಂಗದಲ್ಲಿ ಮಡಿದಿದ್ದ. ಆಗ ಅವನಿಗೆ ನಲವತ್ತು ಕೂಡ ತುಂಬಿರಲಿಲ್ಲ. ಬ್ಲುಮ್‌ನನ್ನು 1942ರಲ್ಲಿ ರಿಯೋಂ ಪಟ್ಟಣದಲ್ಲಿ ಆರೋಪಿಯಾಗಿ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ಅವನು ಕ್ಷಮೆ ಬೇಡಲಿಲ್ಲ. ಪ್ಯಾರಿಸ್ಸಿನ ಹೊರವಲಯದ ರಸ್ತೆಗಳಲ್ಲಿ ಸೈಕಲ್ಲುಗಳ ಮೇಲೆ ಜೋಡಿಜೋಡಿಯಾಗಿ ಸಾಗುತ್ತಿದ್ದ ದುಡಿಯುವ ಜನರನ್ನು ಕಂಡಾಗಲೆಲ್ಲ, ಕಷ್ಟದ ಬಾಳುಗಳಿಗೆ ತುಸು ಬೆಳಕು ತಂದೆನೆಂಬ ತೃಪ್ತಿ ತನಗಾಗುತ್ತಿತ್ತೆಂದು ತಿಳಿಸಿದ.

ಎರಡು ವಾರಗಳು 1956ರಲ್ಲಿ ಮೂರಾದವು, 1969ರಲ್ಲಿ ನಾಲ್ಕು, 1982ರಲ್ಲಿ ಐದು. ಇಷ್ಟಿದ್ದೂ, ಹಣವಿಲ್ಲದೆ ರಜೆಯಲ್ಲಿ ಮನೆ ಬಿಟ್ಟು ಕದಲಲಾರದ ಸಂಸಾರಗಳು ಇಂದಿಗೂ ಆ ದೇಶದಲ್ಲಿ ಕಡಮೆಯಿಲ್ಲ. ಇಷ್ಟು ಜಗ್ಗಾಡಿ ಪಡೆದ ದಿನವೊಂದನ್ನು ಹೇಗೆ ಕಳೆಯಬೇಕೆಂಬುದು ಆದ್ದರಿಂದಲೇ ಹಗುರವಾದ ಪ್ರಶ್ನೆಯಲ್ಲ. ಆ ದಿನವೂ ಲೆಕ್ಕ ಒಪ್ಪಿಸಬೇಕಾದ ದಿನವೇ ಆದರೆ, ಅದನ್ನು ಮತ್ತೊಂದು ಬಗೆಯ ದುಡಿಮೆ ಎನ್ನಬೇಕಾಗುತ್ತದೆ. ಕೈಯಲ್ಲಿನ ಫೋನಿನಿಂದ ಕ್ಷಣಕ್ಷಣಕ್ಕೂ ಚಿತ್ರ ತೆಗೆದು ಊರಿನವರಿಗೆ ಕಳುಹಿಸುವ ಇಂದಿನ ಪ್ರವಾಸಿಗರಿಗೆ ಈ ಮಾತು ರುಚಿಸಲಾರದು.

ಆ ಸಂಸಾರ ಕೊನೆಗೆ ಅಲ್ಲಿಯೇ ಉಳಿಯಿತೆಂದು ಇಟ್ಟುಕೊಳ್ಳಬಹುದು. ಅವರು ಕೋಟೆಗೋಡೆಯ ಮೇಲೆ ಊರನ್ನು ಒಂದು ಸುತ್ತು ಹಾಕುತ್ತಾರೆ. 1944ರ ಆಗಸ್ಟಿನ ಯುದ್ಧದಲ್ಲಿ ಗೋಡೆಯೊಳಗಿನ ಊರು ಬಹುಮಟ್ಟಿಗೆ ಸುಟ್ಟು ನೆಲಸಮವಾಗಿತ್ತು. ಈಗ ಕಾಣುವ ಕಲ್ಲುಮನೆಗಳಲ್ಲಿ ಹೆಚ್ಚಿನವು ಹಳೆಯ ರೂಪದಲ್ಲಿಯೇ ಮತ್ತೆ ಕಟ್ಟಿದವು. ಮಧ್ಯಾಹ್ನ ಆ ಸೀಮೆಯ ಗಾಲೆತ್ ತಿನ್ನುತ್ತಾರೆ. ಅದು ಕಂದು ಬಣ್ಣದ ಹಿಟ್ಟಿನಿಂದ ಕಾವಲಿಯ ಮೇಲೆ ತೆಳ್ಳಗೆ ಹುಯ್ದು ಮಾಡುವ, ನಮ್ಮ ದೋಸೆಯ ನಂಟು ನೆನಪಿಸುವ ತಿನಿಸು. ಆಮೇಲೆ ಮಕ್ಕಳು ಮರಳಿನಲ್ಲಿ ಕೋಟೆ ಕಟ್ಟುತ್ತಾರೆ. ಅಜ್ಜಿ ಶಾಲು ಹೊದ್ದು ನೋಡುತ್ತ ಕುಳಿತಿರುತ್ತಾಳೆ. ತಂದೆ ಮೊದಮೊದಲು ಗಡಿಯಾರ ನೋಡುತ್ತಿದ್ದವನು, ಸ್ವಲ್ಪ ಹೊತ್ತಿಗೆ ಪ್ಯಾಂಟಿನ ಅಂಚನ್ನು ಮಡಿಚಿಕೊಂಡು ಮಕ್ಕಳ ಕೋಟೆಗೆ ಕಂದಕ ತೋಡಲು ಇಳಿಯುತ್ತಾನೆ.

ನಾಲ್ಕು ಗಂಟೆಯ ಹೊತ್ತಿಗೆ ನೀರು ಏರತೊಡಗುತ್ತದೆ. ಕಲ್ಲುದಾರಿಯ ನಡುಭಾಗ ಮೊದಲು ಒದ್ದೆಯಾಗಿ, ಬಳಿಕ ಕಾಣದಾಗುತ್ತದೆ. ದ್ವೀಪದಿಂದ ಕೊನೆಗೆ ಹೊರಟವರು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಓಡಿಬರುತ್ತಾರೆ. ಮಕ್ಕಳ ಕೋಟೆಯ ಕಂದಕದೊಳಕ್ಕೆ ಮೊದಲ ಅಲೆ ನುಗ್ಗಿದಾಗ ತಾಯಿ ಪೆಟ್ಟಿಗೆಗಳನ್ನು ಎಣಿಸಿ, ರೈಲಿಗೆ ಹೊತ್ತಾಯಿತೆಂದು ಎಲ್ಲರನ್ನೂ ಕರೆಯುತ್ತಾಳೆ.