ಇರಲಿ ಬಿಡು, ಅದೇನ ಉಣ್ಣಾಕ ಕೇಳತೈತಿ?

ಈ ಸಲ ಊರಿಗೆ ಹೋದಾಗ ಬ್ಯಾಗ್ ಒಳಗಿಡುವ ಮೊದಲು ಮನೆ ಬಾಗಿಲಿನ ಮೇಲೊಮ್ಮೆ ಕಣ್ಣು ಹಾಯಿಸಿ. ಹೋದ ದೀಪಾವಳಿಯ ಆಕಾಶಬುಟ್ಟಿ ಇನ್ನೂ ತೂಗಾಡ್ತಾ ಇದೆಯಾ? ಗಣಪತಿ ಹಬ್ಬಕ್ಕೆ ಕಿಟಕಿಗೆ ಸುತ್ತಿದ ಸೀರಿಯಲ್ ಲೈಟು ಅಲ್ಲೇ ಇದೆಯಾ? ಪ್ಲಾಸ್ಟಿಕ್ ಚೆಂಡುಹೂವಿನ ಮಾಲೆ ಬಿಸಿಲಿಗೆ ಬಣ್ಣ ಬಿಟ್ಟು ಹಳದಿಯೋ ಬಿಳಿಯೋ ಗೊತ್ತಾಗದಂತೆ ಆಗಿದೆಯಾ?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಅಂತ ನೆಂಟರ ಮನೆ ಸುತ್ತುವಾಗ ನಾನು ಇದನ್ನು ಗಮನಿಸ್ತಾ ಬಂದಿದ್ದೇನೆ. ಮಕ್ಕಳು ಮರಿ ಇರುವ ಮನೆಯಲ್ಲಿ ಅಲಂಕಾರ ಹಬ್ಬಕ್ಕೆ ಏರ್ತದೆ, ಹಬ್ಬ ಮುಗಿದ ಮೇಲೆ ಇಳೀತದೆ. ವಯಸ್ಸಾದವರು ಇಬ್ಬರೇ ಇರುವ ಮನೆಯಲ್ಲಿ ಏರಿದ್ದು ಇಳಿಯೋದೇ ಇಲ್ಲ.

ಯಾಕೆ ಅಂತ ಕೇಳಿದರೆ ಎಲ್ಲ ಕಡೆಯೂ ಒಂದೇ ಉತ್ತರ: "ಇರಲಿ ಬಿಡು, ಅದೇನ ಉಣ್ಣಾಕ ಕೇಳತೈತಿ?"

ಉತ್ತರ ಒಂದೇ ಆದರೂ ಅದರ ಹಿಂದಿನ ಕಾರಣ ಮನೆಗೊಂದು. ಅದು ಗೊತ್ತಾಗೋಕೆ ನನಗೆ ಕೆಲವು ವರ್ಷಗಳೇ ಹಿಡಿದವು.

ನಮ್ಮ ಹಬ್ಬಗಳಲ್ಲಿ ಮುಗಿಸುವ ಕ್ರಮವೂ ಹಬ್ಬದ ಒಳಗೇ ಇರ್ತದೆ. ಗಣಪನನ್ನು ನೀರಿಗೆ ಬಿಡ್ತೇವೆ. ನವರಾತ್ರಿಯ ಘಟ ದಸರೆಗೆ ಇಳಿಸ್ತೇವೆ. ಹೋಳಿಯ ಕಾಮನನ್ನು ಸುಡ್ತೇವೆ. ಬಾಗಲಕೋಟೆಯ ಬಣ್ಣದಾಟ ದಿನಗಟ್ಟಲೆ ನಡೆದರೂ ಕಡೆಯ ದಿನ ಅಂತ ಒಂದು ಇದ್ದೇ ಇದೆ, ಹಲಗಿ ಸದ್ದು ಒಂದು ಸಂಜೆ ನಿಲ್ಲಲೇಬೇಕು. ಆಕಾಶಬುಟ್ಟಿಗೂ ಕಾರ್ತಿಕ ಮುಗಿಯುವ ತನಕ ಅಂತ ಲೆಕ್ಕ ಇತ್ತು. ಮಾವಿನ ತೋರಣವಂತೂ ಯಾರೂ ಹೇಳಬೇಕಾಗಿಲ್ಲ, ತಾನೇ ಒಣಗಿ ಉದುರ್ತದೆ.

ಪ್ಲಾಸ್ಟಿಕ್ ತೋರಣ ಒಣಗೋದಿಲ್ಲ. ಅದನ್ನು ಯಾರಾದರೂ ಮನಸ್ಸು ಮಾಡಿ, ಸ್ಟೂಲ್ ಹತ್ತಿ, ಬಿಚ್ಚಿ, ಸುತ್ತಿ, ಡಬ್ಬಿಗೆ ಹಾಕಿಡಬೇಕು. ಆ 'ಯಾರಾದರೂ' ಈಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಇದ್ದಾರೆ.

ಇಲ್ಲೊಂದು ಸಣ್ಣ ಲೆಕ್ಕ ಇದೆ, ನಾವು ಯಾರೂ ಹಾಕಿ ನೋಡಿರೋದಿಲ್ಲ. ಆಕಾಶಬುಟ್ಟಿ ಕಟ್ಟೋದು ಹಬ್ಬಕ್ಕೆ ಬಂದ ಮಕ್ಕಳು. ನಾಲ್ಕು ದಿನದ ರಜೆಯಲ್ಲಿ ಬರ್ತೇವೆ, ಕಟ್ತೇವೆ, ಸೆಲ್ಫಿ ತಗೊಳ್ತೇವೆ, ಬಸ್ ಹತ್ತುತ್ತೇವೆ. ಕಾರ್ತಿಕ ಮುಗಿಯುವ ಹೊತ್ತಿಗೆ ಮನೆಯಲ್ಲಿ ಉಳಿದಿರೋರು ಅಪ್ಪ, ಅವ್ವ ಮಾತ್ರ. ಕಟ್ಟೋಕೆ ಹಬ್ಬದ ರಜೆ ಸಿಗ್ತದೆ. ಇಳಿಸೋಕೆ ಯಾವ ಆಫೀಸಿನಲ್ಲೂ ರಜೆ ಕೊಡೋದಿಲ್ಲ.

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಒಬ್ಬರು ಕಾಕಾ ಇದ್ದಾರೆ. ಈಗ 74 ವರ್ಷ. ಹಳೇ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ಇಲ್ಲಿಗೆ ಬಂದವರು. ಹಳೇ ಓಣಿಯಲ್ಲಿ ಬಾಗಿಲು ಗಿಡ್ಡ, ಕೈ ಎತ್ತಿದರೆ ಚೌಕಟ್ಟು ಸಿಗ್ತಿತ್ತು, ಸಿಗದಿದ್ದರೆ ಕಟ್ಟೆ ಮೇಲೆ ಕೂತ ಯಾವುದೋ ಹುಡುಗನನ್ನು ಕರೆದರೆ ಆಗ್ತಿತ್ತು ಅಂತ ಅವರು ಹೇಳ್ತಿರ್ತಾರೆ. ನವನಗರದ ಮನೆಗೆ ಎತ್ತರದ ಪೋರ್ಚು, ಸುತ್ತ ಕಾಂಪೌಂಡು, ಮುಂದೆ ಗೇಟು. ಕರೆದರೆ ಕೇಳಿಸುವಷ್ಟು ಹತ್ತಿರದಲ್ಲಿ ಯಾರೂ ಕೂತಿರೋದಿಲ್ಲ.

ಅವರ ಮನೆಯ ಆಕಾಶಬುಟ್ಟಿ ಸಂಕ್ರಾಂತಿ ದಾಟಿತು, ಶಿವರಾತ್ರಿಯೂ ದಾಟಿತು. ಒಂದು ದಿನ ಪುಣೆಯಲ್ಲಿರುವ ಮಗ ವಿಡಿಯೋ ಕಾಲ್‌ನಲ್ಲಿ ಅದನ್ನು ನೋಡಿ, "ಅಪ್ಪಾ, ಇನ್ನೂ ತಗದಿಲ್ಲೇನು ಅದನ್ನ? ಮಂದಿ ನಗ್ತಾರ ನೋಡ" ಅಂದ. ಸಲಿಗೆಯ ಮಾತು, ಬೈಗುಳ ಅಲ್ಲ. ಮರುದಿನ ಮುಂಜಾನೆ ಕಾಕಾ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹತ್ತಿದರು. ಕುರ್ಚಿ ಜಾರಿತು, ತೊಡೆಯ ಮೂಳೆ ಮುರೀತು. ಆಪರೇಶನ್ ಆಯ್ತು. ಈಗ ವಾಕರ್ ಹಿಡಿದು ಗೇಟಿನ ತನಕ ಬರ್ತಾರೆ.

ಮಗ ಒಳ್ಳೆಯವನೇ. ಸುದ್ದಿ ಕೇಳಿ ರಾತ್ರೋರಾತ್ರಿ ಬಂದ, ಹಾಸಿಗೆ ಪಕ್ಕದಲ್ಲೇ ಮೂರು ವಾರ ಇದ್ದ. ಅವನ ಮಾತನ್ನು ನಾನು, ನೀವು ಎಲ್ಲರೂ ಆಡ್ತಿರ್ತೇವೆ. ನಮ್ಮ ಕಣ್ಣಿಗೆ ಅದು ಇಳಿಸದ ಬುಟ್ಟಿ. ಅಪ್ಪನಿಗೆ ಅದು ಕೈಗೆ ಎಟುಕದ ಎತ್ತರ. ಫೋನಿನಲ್ಲಿ ಅವರು "ಆರಾಮ ಅದೀವಿ" ಅಂತ ಬಿಟ್ಟು ಬೇರೆ ಏನೂ ಹೇಳೋದಿಲ್ಲ. ಭುಜ ಮೇಲೆ ಎತ್ತೋಕೆ ಆಗ್ತಾ ಇಲ್ಲ, ಸ್ಟೂಲ್ ಹತ್ತಿದರೆ ತಲೆ ತಿರುಗ್ತದೆ ಅನ್ನೋದು ನಮಗೆ ಗೊತ್ತಾಗೋದು ಹೀಗೆ ಉಳಿದುಹೋದ ವಸ್ತುಗಳಿಂದಲೇ.

ಬಿದ್ದು ಪೆಟ್ಟಾಗಿ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಸಾಯ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ, ಅವರಲ್ಲಿ 60 ದಾಟಿದವರೇ ಹೆಚ್ಚು. 2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಮೇಲಿದ್ದರು. ಹಾಗಾಗಿ "ಇನ್ನೂ ತಗದಿಲ್ಲೇನು?" ಅನ್ನೋದು ಅಷ್ಟು ಹಗುರ ಪ್ರಶ್ನೆ ಅಲ್ಲ.

ಆದರೆ ಎಲ್ಲ ಮನೆಯಲ್ಲೂ ಕಾರಣ ಮಂಡಿ ನೋವೇ ಅಂತ ತಿಳಿದರೂ ತಪ್ಪಾಗ್ತದೆ.

ಹುನಗುಂದದಲ್ಲಿ ನನ್ನ ಸೋದರಮಾವ ಇದ್ದಾರೆ, ನಿವೃತ್ತ ಮಾಸ್ತರು. ಗಟ್ಟಿಮುಟ್ಟು ಆಸಾಮಿ, ಇವತ್ತಿಗೂ ಮಾಳಿಗೆ ಹತ್ತಿ ಮೆಣಸಿನಕಾಯಿ ಒಣಗಿಸ್ತಾರೆ. ಅವರ ಬಾಗಿಲಲ್ಲೂ ಒಂದು ಆಕಾಶಬುಟ್ಟಿ ಇದೆ. ಬಿದಿರು ಕಡ್ಡಿಗೆ ಬಣ್ಣದ ಹಾಳೆ ಅಂಟಿಸಿ ಅತ್ತಿ ಕೈಯಾರೆ ಮಾಡಿದ್ದು. ಅತ್ತಿ ಆ ವರ್ಷ ಮಾಘದಲ್ಲಿ ಹೋಗಿಬಿಟ್ಟರು. ಹಾಳೆಯ ಕೆಂಪು ಈಗ ಪೂರ್ತಿ ಗುಲಾಬಿ ಆಗಿದೆ, ಒಂದು ಮೂಲೆ ಹರಿದಿದೆ. ಹೊಸದು ತಂದುಕೊಡ್ತೀನಿ ಅಂದರೆ ಮಾವ ತಲೆ ಅಲ್ಲಾಡಿಸಿದರು. "ಅಕಿ ಕಟ್ಟಿದ್ದು. ತಾನಾ ಬೀಳೂತನಾ ಇರಲಿ."

ಇದು ನಮ್ಮ ಕಡೆಯವರ ಸ್ವಭಾವ ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಅಲಂಕಾರವನ್ನು ಜನವರಿ 5 ಅಥವಾ 6ರೊಳಗೆ ಇಳಿಸಬೇಕು, ಇಲ್ಲದಿದ್ದರೆ ಅಪಶಕುನ ಅನ್ನೋ ನಂಬಿಕೆ ಇದೆ. ಅಲ್ಲಿನ ರಾಣಿ ಎರಡನೇ ಎಲಿಜಬೆತ್ ಮಾತ್ರ ಸ್ಯಾಂಡ್ರಿಂಗ್‌ಹ್ಯಾಮ್ ಮನೆಯಲ್ಲಿ ಫೆಬ್ರವರಿ ಆರರ ತನಕ ಹಾಗೇ ಬಿಡ್ತಿದ್ದರು ಅಂತ ಪತ್ರಿಕೆಗಳು ಬರೀತಿದ್ದವು. ಅವರ ತಂದೆ ಆರನೇ ಜಾರ್ಜ್ ಅದೇ ಮನೆಯಲ್ಲಿ ತೀರಿಕೊಂಡದ್ದು 1952ರ ಫೆಬ್ರವರಿ 6ರಂದು. ಏಣಿ ಹತ್ತೋಕೆ ಆಳುಕಾಳಿಗೆ ಕೊರತೆ ಇದ್ದ ಮನೆ ಅಲ್ಲ ಅದು.

ನಮ್ಮ ಜಿಲ್ಲೆಯ ಗುಳೇದಗುಡ್ಡಕ್ಕೆ ಬಾಸೆಲ್ ಮಿಷನ್ 19ನೇ ಶತಮಾನದಲ್ಲೇ ಬಂದಿತ್ತು. ಖಣದ ಊರು ಅಂತಲೇ ಎಲ್ಲರಿಗೂ ಗೊತ್ತಿರುವ ಆ ಊರಿನಲ್ಲಿ ಕ್ರಿಸ್‌ಮಸ್‌ಗೂ ಅಷ್ಟೇ ಹಳೆಯ ಬೇರಿದೆ. ನನ್ನ ಜೊತೆ ಕೆಲಸ ಮಾಡುವ ಗೆಳತಿಯೊಬ್ಬಳ ಅಜ್ಜಿ ಅಲ್ಲಿಯವರು. ಅವರ ಮನೆಯ ಕಾಗದದ ನಕ್ಷತ್ರ ವರ್ಷಪೂರ್ತಿ ಬಾಗಿಲಲ್ಲೇ ಇರ್ತದಂತೆ. ಯಾಕಜ್ಜಿ ಅಂದರೆ, "ದಾರಿ ತೋರ್ಸೂ ನಕ್ಷತ್ರಕ್ಕ ಡಿಸೆಂಬರ್ ಒಂದ ತಿಂಗಳೇನು?" ಅಂತಾರಂತೆ. ಅಂದಹಾಗೆ ಅಂಗಡಿಯಲ್ಲಿ ಆಕಾಶಬುಟ್ಟಿ ಅಂತ ಅಕ್ಟೋಬರ್‌ನಲ್ಲಿ ಮಾರುವ ನಕ್ಷತ್ರವೂ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್‌ಗೆ ಮಾರುವ ನಕ್ಷತ್ರವೂ ಎಷ್ಟೋ ಸಲ ಒಂದೇ. ಎರಡೂ ಮನೆಯ ಮುದುಕಿಯರು ಅದನ್ನು ಇಳಿಸದಿರುವುದೂ ಒಂದೇ.

ಇಳಕಲ್‌ನ ದೊಡ್ಡವ್ವನ ಬಾಗಿಲಿಗೆ ಬಟ್ಟೆಯ ತೋರಣ. ಹರಿದುಹೋದ ತನ್ನ ಇಳಕಲ್ ಸೀರೆಯ ಕೆಂಪು ಸೆರಗು ಕತ್ತರಿಸಿ, ಟೋಪ ತೆನಿಯ ಬಿಳಿ ಹಲ್ಲುಗಳು ಸಾಲಾಗಿ ಕಾಣುವ ಹಾಗೆ ಹೊಲಿದಿದ್ದಾರೆ. ಅದನ್ನು ತೆಗೆಯಬೇಕು ಅಂತ ಅವರಿಗೆ ಅನ್ನಿಸಿಯೇ ಇಲ್ಲ. "ಪೆಟ್ಟಿಗ್ಯಾಗ ಇಟ್ಟರ ಯಾರ ನೋಡ್ತಾರವ್ವಾ? ನನಗೀಗ ಎಷ್ಟ ಹಬ್ಬ ಉಳದಾವಂತ ಕಾಯ್ಲಿ?" ಅಂತ ನಗ್ತಾರೆ. ನಗುತ್ತಾ ಹೇಳಿದರೂ ಆ ಲೆಕ್ಕ ನಿಜದ್ದೇ. 25 ವರ್ಷದವರಿಗೆ ಮುಂದಿನ ದೀಪಾವಳಿ ಬಂದೇ ಬರ್ತದೆ. 80 ದಾಟಿದವರು ಸಿಕ್ಕ ಚಂದವನ್ನು ಕಣ್ಣೆದುರಿಗೇ ಇಟ್ಟುಕೊಳ್ತಾರೆ.

ಬಾದಾಮಿಯಲ್ಲಿ ನನ್ನ ಸೋದರತ್ತಿಯ ಮನೆಯದು ಮತ್ತೊಂದು ಕಥೆ. ದೀಪಾವಳಿಯ ಲೈಟು ಬಿಚ್ಚೋದಿಲ್ಲ, ಯಾಕಂದರೆ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಬರ್ತದೆ, ತೇರಿಗೆ ಎಲ್ಲರೂ ಬರ್ತಾರೆ, ನಾಟಕ ಕಂಪನಿಗಳು ವಾರಗಟ್ಟಲೆ ಬೀಡುಬಿಟ್ಟಿರ್ತವೆ, ಮೊಮ್ಮಕ್ಕಳು ರಾತ್ರಿ ನಾಟಕ ನೋಡಿ ಮನೆಗೆ ಬಂದಾಗ ಬೆಳಕು ಬೇಕು. ಜಾತ್ರೆ ಮುಗಿದ ಮೇಲೆ? "ಯುಗಾದಿ ಬಂತಲ್ಲ, ನೀವು ಬರ್ತೀರಲ್ಲ." ಯುಗಾದಿ ಮುಗಿದ ಮೇಲೆ ಬೇಸಿಗೆ ರಜೆ. ಮೊಮ್ಮಕ್ಕಳು ಹೋದ ವರ್ಷ ಬಂದದ್ದು ಒಂದೇ ಸಲ. ಲೈಟು ಮಾತ್ರ ಪ್ರತಿ ಸಂಜೆ ಹತ್ತಿಕೊಳ್ತದೆ.

ಹಾಗಾದರೆ ನಾವು ಮಾಡೋದೇನು? ಊರಿಗೆ ಹೋದ ತಕ್ಷಣ ಸ್ವಚ್ಛತಾ ಅಭಿಯಾನ ಶುರು ಮಾಡೋರು ನಮ್ಮಲ್ಲಿ ಬಹಳ. ಅವ್ವ ಅಡುಗೆಮನೆಯಲ್ಲಿ ಇದ್ದಾಗಲೇ ಹಳೆಯದನ್ನೆಲ್ಲ ಕಿತ್ತು ಕಸದ ಗಾಡಿಗೆ ಹಾಕಿ, "ಈಗ ನೋಡು ಹೆಂಗ ಕ್ಲೀನ್ ಐತಿ" ಅಂತೇವೆ. ಅವ್ವ ಹೌದು ಅಂತಾಳೆ. ಆಮೇಲೆ ಎರಡು ದಿನ ಬರಿದಾದ ಬಾಗಿಲನ್ನು ನೋಡ್ತಾಳೆ. ನನ್ನ ಮಾತು ಇಷ್ಟೇ: ಕೈ ಹಾಕುವ ಮೊದಲು ಕೇಳಿ. "ಇದನ್ನ ಇಳಸ್ಲ್ಯಾ, ಇರಲ್ಯಾ?" ಅಂತ ಕೇಳಿ, ಉತ್ತರ ಪೂರ್ತಿ ಬರೋ ತನಕ ಸುಮ್ಮನೆ ಕೂತ್ಕೊಳ್ಳಿ. "ಉಣ್ಣಾಕ ಕೇಳತೈತಿ?" ಅನ್ನೋದು ಮೊದಲ ಉತ್ತರ. ಎರಡನೆಯದು ಒಂದು ಕಪ್ ಚಹಾ ಮುಗಿದ ಮೇಲೆ ಬರ್ತದೆ.

ಇಳಿಸು ಅಂದರೆ ನೀವೇ ಇಳಿಸಿ. ಡಬ್ಬಿಯನ್ನು ಅಟ್ಟದ ಮೇಲೆ ಇಡಬೇಡಿ, ಮುಂದಿನ ಸಲ ಅದಕ್ಕೂ ಸ್ಟೂಲ್ ಬೇಕಾಗ್ತದೆ. ಸೊಂಟದ ಎತ್ತರದ ಕಪಾಟಿನಲ್ಲಿಟ್ಟು ಮೇಲೆ ಹೆಸರು ಬರೆಯಿರಿ.

ಇರಲಿ ಅಂದರೆ ಇರಲಿ, ಅಪಾಯವನ್ನು ಮಾತ್ರ ತೆಗೆಯಿರಿ. ವರ್ಷವಿಡೀ ಬಿಸಿಲು ಮಳೆ ತಿಂದ ವೈರಿನ ಮೇಲ್ಪದರ ಬಿರುಕು ಬಿಟ್ಟಿರ್ತದೆ, ಟೇಪ್ ಸುತ್ತಿದ ಜಾಯಿಂಟು ಸಡಿಲ ಆಗಿರ್ತದೆ. ಹೊಸ ವೈರು ಹಾಕಿಸಿ, ಸ್ವಿಚ್ ಕೈಗೆಟುಕುವಲ್ಲಿ ಇರಲಿ. ಬುಟ್ಟಿಯೊಳಗೆ ಹಳೇ 60 ವ್ಯಾಟ್ ಬಲ್ಬಿದ್ದರೆ 9 ವ್ಯಾಟ್‌ನ ಎಲ್‌ಇಡಿ ಹಾಕಿ. ದಿನಕ್ಕೆ 5 ತಾಸು ಹಚ್ಚಿದರೆ ಹಳೆಯದಕ್ಕೆ ತಿಂಗಳಿಗೆ 9 ಯೂನಿಟ್ ಬೇಕು, ಹೊಸದಕ್ಕೆ ಒಂದೂವರೆ ಯೂನಿಟ್ಟೂ ಬೇಡ. ಕಾಗದ ಸುಡುವಷ್ಟು ಕಾವೂ ಇರೋದಿಲ್ಲ.

ಇನ್ನೊಂದು ಉಪಾಯ ಹಳಬರದ್ದೇ. ಮೊದಲು ಆಕಾಶದೀಪವನ್ನು ಎತ್ತರದ ಕಂಬಕ್ಕೆ ಗಡಗಡಿ ಕಟ್ಟಿ ಹಗ್ಗದಿಂದ ಏರಿಸಿ ಇಳಿಸುತ್ತಿದ್ದರು, ಬಾವಿಯಿಂದ ನೀರು ಸೇದೋ ಹಾಗೆ. ನಾವು ಕೊಕ್ಕೆಗೆ ತಂತಿ ಬಿಗಿದು ಅದನ್ನು ಮರೆತೆವು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಣ್ಣ ಗಡಗಡಿ, ನೈಲಾನ್ ಹಗ್ಗ ಸಿಗ್ತದೆ. ಹೋದ ಯುಗಾದಿಗೆ ಕಾಕಾನ ಮಗ ಅವರ ಪೋರ್ಚಿಗೆ ಒಂದನ್ನು ಹಾಕಿಸಿದ. ಕಾಕಾ ಈಗ ವಾಕರ್ ಪಕ್ಕಕ್ಕಿಟ್ಟು, ಕುರ್ಚಿಯಲ್ಲಿ ಕೂತು, ಬೇಕೆಂದಾಗ ಬುಟ್ಟಿ ಇಳಿಸ್ತಾರೆ, ಒರೆಸ್ತಾರೆ, ಮತ್ತೆ ಏರಿಸ್ತಾರೆ. ಹಬ್ಬ ಇಲ್ಲದ ದಿನವೂ.

ನಿಮ್ಮ ಊರಿನ ಮನೆಯ ಬಾಗಿಲಲ್ಲಿ ಏನು ಉಳಿದಿದೆ, ಯಾಕೆ ಉಳಿದಿದೆ? ಈ ವಾರ ಫೋನ್ ಮಾಡಿದಾಗ ಕೇಳಿ ನೋಡಿ. ಉತ್ತರ ಬಂದರೆ ನಮಗೂ ಬರೆದು ತಿಳಿಸಿ.