ಸೊರಗಿದ ಜೂನಿಪರ್‌ಗೆ ಮರುಜೀವ

ಓದುಗ ಸೋದರಿಯರೇ, ನಿಮ್ಮ ಬೋನ್ಸಾಯ್ ಜೂನಿಪರ್ ಸೊರಗಿದೆಯೇ? ಬಣ್ಣ ನೋಡಿ ನಂಬಬೇಡಿ. ಬೇರು ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿದ್ದು ಮೋಸ ಮಾಡುವ ಗಿಡ ಇದು! ನಾಲ್ಕಾರು ರೆಂಬೆಗಳ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಿ. ಒಳಗೆ ಹಸಿರು, ತೇವ ಇದ್ದರೆ ಜೀವವಿದೆ.

ಹಾಗೆಂದು ಕೂಡಲೇ ಕತ್ತರಿ ಹಿಡಿಯಬೇಡಿ. ಷೋಕೇಸಿನಿಂದ ಇಳಿಸಿ ಬಾಲ್ಕನಿಯಲ್ಲಿಡಿ. ನಮ್ಮ ಲಿಂಗಂಪಲ್ಲಿಯ ಬೇಸಿಗೆ ಈ ಚಳಿನಾಡಿನ ಗಿಡಕ್ಕೆ ಶಿಕ್ಷೆಯೇ ಸರಿ. ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನ ನೆರಳಿರಲಿ. ಮೇಲ್ಮಣ್ಣು ಒಣಗತೊಡಗಿದಾಗಷ್ಟೇ ನೀರು.

ಹೊಸ ಚಿಗುರು ತುಂಬಿ ಬಂದ ಮೇಲೆ, ಚಳಿಗಾಲದಲ್ಲಿ ತಂತಿ ಸುತ್ತಿ ನಿಧಾನವಾಗಿ ಬಾಗಿಸಿ. ಎಲೆಯಿಲ್ಲದ ಬೋಳು ಭಾಗದವರೆಗೆ ಕತ್ತರಿಸಿದರೆ ಮತ್ತೆ ಚಿಗುರದು, ಮಲ್ಲಿಗೆಯಂತಲ್ಲ. ಒಣಗಿದ ಕೊಂಬೆಯ ತೊಗಟೆ ಸುಲಿದು ಹಾಗೆಯೇ ಬಿಡಿ. ಜಪಾನೀಯರ ಬಾಯಲ್ಲಿ ಅದು ‘ಜಿನ್’. ನಮ್ಮ ನರೆಗೂದಲಿನ ಹಾಗೆ ಮರಕ್ಕೂ ಅದೊಂದು ಶೋಭೆ. ಕುಂಡ ಬದಲಿಸುವ ಕೆಲಸ ಮುಂದಿನ ವರ್ಷಕ್ಕಿರಲಿ.