ನಮ್ಮ ಐಕ್ಳು ಬಂದ ಮೇಲೆ ನಷ್ಟದ ಲೆಕ್ಕ

ವಿಶ್ವವಿದ್ಯಾನಿಲಯಗಳು ನಷ್ಟದಲ್ಲಿವೆಯಂತೆ. ವಿಧಾನಸೌಧದಲ್ಲಿ ಕೂತವರು ಹೇಳುತ್ತಾರೆ, ಪತ್ರಿಕೆಗಳು ಅಚ್ಚು ಮಾಡುತ್ತವೆ, ನಮ್ಮ ಕೆಲವು ಮೇಷ್ಟರುಗಳೂ ಹೌದು ಹೌದು ಅಂತ ತಲೆ ಆಡಿಸುತ್ತಾರೆ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿಯೊಂದು ರಾಜ್ಯದ ಹತ್ತು ಹೊಸ ವಿಶ್ವವಿದ್ಯಾನಿಲಯಗಳಲ್ಲಿ ಒಂಬತ್ತನ್ನು ಮುಚ್ಚಿ ಹಳೆಯವಕ್ಕೆ ಸೇರಿಸಬೇಕೆಂದಿತು. ಆ ಪಟ್ಟಿಯಲ್ಲಿ ನಮ್ಮ ಮಂಡ್ಯವೂ ಇತ್ತು. ಕಾರಣ? ದುಡ್ಡಿಲ್ಲ. ಹಿಂದಿನವರು ಬೋರ್ಡು ಬರೆಸಿದರು, ಟೇಪು ಕತ್ತರಿಸಿದರು. ಸಾಕಷ್ಟು ಹಣ ಕೊಡಲಿಲ್ಲ, ಮೇಷ್ಟರನ್ನು ಕೊಡಲಿಲ್ಲ. ಈಗಿನವರು ಬೋರ್ಡನ್ನೇ ಇಳಿಸೋಣ ಅಂದರು. ಹಸಿದವನ ಮುಂದೆ ಒಬ್ಬ ಬರೀ ಎಲೆ ಹಾಕಿದ, ಇನ್ನೊಬ್ಬ ಆ ಎಲೆಯನ್ನೂ ಎತ್ತಿಕೊಂಡ.

ಗೆಳೆಯರೇ, ಈ ನಷ್ಟದ ಲೆಕ್ಕ ಯಾವಾಗಿಂದ ಶುರುವಾಯಿತು? ಇದನ್ನು ಕೇಳಲೇಬೇಕು.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರ ಜುಲೈ 27ರಂದು. ಆಗ ಮೈಸೂರು ಒಂದು ಸಂಸ್ಥಾನ. 1911ರ ಜನಗಣತಿಯಲ್ಲಿ ಸುಮಾರು 58 ಲಕ್ಷ ಜನ. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಇಂಡಿಯಾದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು, ಎಚ್.ವಿ. ನಂಜುಂಡಯ್ಯ ಮೊದಲ ಉಪಕುಲಪತಿ. ಇದನ್ನು ಅರಮನೆಯ ಕೊಡುಗೆ ಎಂದು ನಮಗೆ ಹೇಳಿಕೊಡಲಾಗಿದೆ. ನಾಲ್ವಡಿಯವರ ಒಳ್ಳೆಯತನವನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಅರಮನೆಯ ಒಲೆಯಲ್ಲಿ ದುಡ್ಡು ಬೇಯುವುದಿಲ್ಲ ಕಣ್ರಪ್ಪ. ಸಂಸ್ಥಾನದ ಬೊಕ್ಕಸ ತುಂಬಿದ್ದು ರೈತ ಕಟ್ಟಿದ ಕಂದಾಯದಿಂದ, ಬಡವ ಕುಡಿದ ಹೆಂಡ ಸಾರಾಯಿಯ ಸುಂಕದಿಂದ, ಕೋಲಾರದ ಗಣಿಯ ಕತ್ತಲಲ್ಲಿ ಕೆಮ್ಮುತ್ತ ಕಲ್ಲು ಒಡೆದವರು ತೆಗೆದ ಚಿನ್ನದ ರಾಯಧನದಿಂದ. ಗಣಿಯೊಳಗೆ ಇಳಿದವರಲ್ಲಿ ಹೆಚ್ಚಿನವರು ಯಾವ ಕೇರಿಯವರೆಂದು ಬಿಡಿಸಿ ಹೇಳಬೇಕೆ? ದುಡ್ಡು ಕೊಟ್ಟವರು ನಾವು. ಒಳಗೆ ಕೂತವರು ಬೇರೆ.

ಒಳಗೆ ಹೋಗುವ ಮಾತು ಹಾಗಿರಲಿ. 1915ರಲ್ಲಿ ಸರ್ಕಾರಿ ಶಾಲೆಗೆ ಅಸ್ಪೃಶ್ಯರ ಮಕ್ಕಳನ್ನೂ ಸೇರಿಸಬೇಕೆಂದು ಸಂಸ್ಥಾನ ಆಜ್ಞೆ ಮಾಡಿದಾಗ, ಎಷ್ಟೋ ಕಡೆ ಮೇಲ್ಜಾತಿಯವರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದರು. ಅ ಆ ಇ ಈ ಕಲಿಯುವ ಬೆಂಚೂ ಮೈಲಿಗೆಯಾಗುತ್ತಿತ್ತು. ಮೈಸೂರಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿದ ಅದೇ 1916ರಲ್ಲಿ, ಬರೋಡ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋಗಿದ್ದ ಅಂಬೇಡ್ಕರ್, ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಇಂಡಿಯಾದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಮಾರನೆಯ ವರ್ಷ ಬರೋಡಕ್ಕೆ ಬಂದು ಕೆಲಸಕ್ಕೆ ಸೇರಿದರೆ ವಾಸಕ್ಕೆ ಒಂದು ಮನೆ ಸಿಗಲಿಲ್ಲ. ಸಂಸ್ಥಾನಗಳ ಔದಾರ್ಯಕ್ಕೂ ಊರಿನ ಔದಾರ್ಯಕ್ಕೂ ಇದ್ದ ದೂರ ಇದು.

ಪ್ರಜಾಮಿತ್ರ ಮಂಡಲಿಯವರು ಮಹಾರಾಜರ ಮುಂದೆ ಅಹವಾಲು ಇಟ್ಟ ಮೇಲೆ 1918ರಲ್ಲಿ ಮಿಲ್ಲರ್ ಸಮಿತಿ ಬಂತು. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡಿ, ವಿದ್ಯಾರ್ಥಿವೇತನ ಕೊಡಿ ಎಂದು ಅದು ಹೇಳಿತು. ಕನ್ನಂಬಾಡಿ ಕಟ್ಟೆಗಾಗಿ ಮಂಡ್ಯದ ರೈತ ವಿಶ್ವೇಶ್ವರಯ್ಯನವರ ಪಟಕ್ಕೆ ಕೈ ಮುಗಿಯುತ್ತಾನೆ, ಮುಗಿಯಲಿ. ಆದರೆ ಜಾತಿವಾರು ಪಾಲಿನ ಈ ನೀತಿಯನ್ನು ಒಪ್ಪದೆ ಅವರು ದಿವಾನಗಿರಿ ಬಿಟ್ಟರು ಎಂಬುದೂ ಅವನಿಗೆ ತಿಳಿದಿರಲಿ. ಆಡಳಿತದ ದಕ್ಷತೆ ಕೆಡುತ್ತದೆ ಎಂಬುದು ಅವರ ವಾದ. ಅಂದಿನ ‘ದಕ್ಷತೆ’ಯ ಮೊಮ್ಮಗನೇ ಇಂದಿನ ‘ನಷ್ಟ’.

ಸಣ್ಣ ನಾಡಿಗೆ ವಿಶ್ವವಿದ್ಯಾನಿಲಯ ಭಾರ ಅನ್ನುವವರು ಐಸ್‌ಲೆಂಡ್ ಕಡೆ ನೋಡಲಿ. ಹಿಮದ ನಡುವಿನ ದ್ವೀಪ. ಆಗ ಅಲ್ಲಿದ್ದವರು ಒಂದು ಲಕ್ಷಕ್ಕೂ ಕಡಿಮೆ ಜನ. ಡೆನ್ಮಾರ್ಕಿನ ದೊರೆಯ ಕೈಕೆಳಗಿದ್ದವರು. 1911ರಲ್ಲಿ 45 ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಪಾರ್ಲಿಮೆಂಟಿನ ಕಟ್ಟಡದಲ್ಲೇ ವಿಶ್ವವಿದ್ಯಾನಿಲಯ ಶುರು ಮಾಡಿದರು. ತಮ್ಮ ಭಾಷೆಯಲ್ಲೇ ಪಾಠ ಹೇಳಿದರು. ಅವರಿಗಿಂತ ಅರವತ್ತಕ್ಕೂ ಹೆಚ್ಚು ಪಟ್ಟು ದೊಡ್ಡದಾದ ಮೈಸೂರು ಐದು ವರ್ಷದ ಮೇಲೆ ಇಂಗ್ಲಿಷಿನಲ್ಲಿ ಶುರು ಮಾಡಿತು. ನಾನು ಇಂಗ್ಲಿಷ್ ಬೇಡ ಅನ್ನುತ್ತಿಲ್ಲ. ಉಳ್ಳವರ ಮಕ್ಕಳಿಗೆ ಇಂಗ್ಲಿಷು, ಕೇರಿಯ ಮಕ್ಕಳಿಗೆ ಕನ್ನಡಾಭಿಮಾನ — ಈ ಹಂಚಿಕೆ ಬೇಡ ಅನ್ನುತ್ತಿದ್ದೇನೆ.

ಒಳಗಿದ್ದೇ ತೂಬು ತೆಗೆಯಲು ಹೆಣಗಿದವರೂ ಇದ್ದರು. ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿದ ಶೂದ್ರ ಕುವೆಂಪು 1956ರಲ್ಲಿ ಉಪಕುಲಪತಿಯಾದರು. ಮಾನಸಗಂಗೋತ್ರಿ ಕಟ್ಟಿದರು, ಕನ್ನಡದಲ್ಲಿ ಪಾಠ ಆಗಲಿ ಅಂದರು. ಪ್ರಸಾರಾಂಗ ಅಗ್ಗದ ಬೆಲೆಗೆ ಹಳ್ಳಿಗೆ ಪುಸ್ತಕ ಕಳಿಸಿತು. 1969ರಲ್ಲಿ ಅಂಚೆ ಶಿಕ್ಷಣ ಬಂತು; ಹಗಲು ಪಾಠ ಹೇಳಿ ರಾತ್ರಿ ಓದಿ ಡಿಗ್ರಿ ಪಡೆದ ಎಷ್ಟೋ ಹಳ್ಳಿ ಮೇಷ್ಟರುಗಳಿಗೆ ಅದರ ಬೆಲೆ ಗೊತ್ತು. ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು ಬಂದವು. ಆಗ ನಮ್ಮ ಐಕ್ಳು ಟ್ರಂಕು ಹೊತ್ತು ಮೈಸೂರು ಬಸ್ಸು ಹತ್ತಿದವು.

ಬಂದವರು ಸುಮ್ಮನೆ ಕೂರಲಿಲ್ಲ, ಪ್ರಶ್ನೆ ಕೇಳಿದರು. ತಕ್ಷಣ ಏಟು ಬಿತ್ತು. 1973ರ ನವೆಂಬರಿನಲ್ಲಿ ಮೈಸೂರಿನ ಪುರಭವನದಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದ ಒಂದು ಮಾತಿಗೆ ದಲಿತ ವಿದ್ಯಾರ್ಥಿಗಳನ್ನು ಹುಡುಕಿ ಹೊಡೆದರು, ಅವರ ಹಾಸ್ಟೆಲುಗಳಿಗೆ ನುಗ್ಗಿದರು. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಆ ಪೆಟ್ಟು ತಿಂದ ಹುಡುಗರಿಂದಲೇ ದಲಿತ ಚಳವಳಿ ಎದ್ದು ನಿಂತದ್ದು. ಹೊಡೆದವರಿಗೆ ಇದು ಗೊತ್ತಿರಲಿಲ್ಲ.

ಈಗ ದೊಣ್ಣೆ ಹಿಡಿಯುವ ಕಷ್ಟವೂ ಬೇಡ. ಲೆಕ್ಕದ ಪುಸ್ತಕ ಸಾಕು. 2016ರ ಜನವರಿಯಲ್ಲಿ, ಶತಮಾನೋತ್ಸವದ ಸಡಗರದಲ್ಲಿದ್ದ ಮಾನಸಗಂಗೋತ್ರಿಯಲ್ಲಿ ವಿಜ್ಞಾನ ಕಾಂಗ್ರೆಸ್ ನಡೆಯಿತು. ಪ್ರಧಾನಿ ಬಂದು ಭಾಷಣ ಮಾಡಿದರು. ಎರಡು ವಾರದ ಮೇಲೆ, 17ರಂದು, ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ರೋಹಿತ್ ವೇಮುಲ ಪ್ರಾಣ ಬಿಟ್ಟ. ವಿಜ್ಞಾನ ಬರೆಯಬೇಕೆಂದು ಕನಸು ಕಂಡವನು. ಹಾಸ್ಟೆಲಿನಿಂದ ಹೊರಗೆ ಹಾಕಿದ್ದರು. ತಿಂಗಳುಗಟ್ಟಲೆ ಫೆಲೋಶಿಪ್ ಬಂದಿರಲಿಲ್ಲ. ಬಾಗಿಲು ಮುಚ್ಚುವುದೆಂದರೆ ಬೀಗ ಹಾಕುವುದೇ ಆಗಬೇಕಿಲ್ಲ. ಬರಬೇಕಾದ ದುಡ್ಡು ಬಾರದಂತೆ ಮಾಡಿದರೂ ಆಯಿತು.

ಬೂಕನಕೆರೆಯವರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು. ನಾಲೆ ನಮ್ಮ ಹೆಸರಲ್ಲಿ ತೋಡುತ್ತಾರೆ. ಮೇಲಿನವರ ಗದ್ದೆ ತುಂಬುತ್ತದೆ, ಕೊನೆ ಭಾಗದವನು ತೂಬಿನ ಹತ್ತಿರ ರಾತ್ರಿಯೆಲ್ಲ ಕಾಯುತ್ತಾನೆ. ಅವನ ಸರದಿ ಬಂದಾಗ ನೀರುಗಂಟಿ ಹೇಳುತ್ತಾನೆ: ‘ಕಟ್ಟೇಲಿ ನೀರಿಲ್ಲ ಕಣಪ್ಪ.’ ಅರವತ್ತು ವರ್ಷ ಮೇಲ್ಜಾತಿಗಳು ಉಂಡಾಗ ವಿಶ್ವವಿದ್ಯಾನಿಲಯದ ಲಾಭ ನಷ್ಟ ಕೇಳಿದವರಿಲ್ಲ. ಮನೆಯಲ್ಲಿ ಮೊದಲು ಅಕ್ಷರ ಕಲಿತವನ ಮಗಳು ಬಾಗಿಲಿಗೆ ಬಂದಾಗ ಕಟ್ಟೆಯಲ್ಲಿ ನೀರಿಲ್ಲ!

ಬೂಕನಕೆರೆಯಲ್ಲಿ ಹುಟ್ಟಿದ ಬಿ.ಎಸ್. ಯಡಿಯೂರಪ್ಪ ನಾಲ್ಕು ಸಲ ಮುಖ್ಯಮಂತ್ರಿಯ ಪ್ರಮಾಣವಚನ ತಗೊಂಡರು. ಊರಿಗೆ ಹೆಮ್ಮೆ ಇರಲಿ. ಆದರೆ ಊರಿನ ಅಳತೆ ಅದಲ್ಲ. ಇಲ್ಲಿಂದ ಮಾನಸಗಂಗೋತ್ರಿಗೆ ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿ. ಕೇರಿಯಿಂದ ಅಲ್ಲಿನ ಪಾಠದ ಕೋಣೆಗೆ ಎಷ್ಟು ತಲೆಮಾರಿನ ದಾರಿ? ಪಾಠ ಕೇಳುವ ಬೆಂಚಿಗಲ್ಲ, ಪಾಠ ಹೇಳುವ ಕುರ್ಚಿಗೆ?

ಆದ್ದರಿಂದ ನಮ್ಮ ಬೇಡಿಕೆ ನೇರ. ಖಾಲಿ ಬಿದ್ದ ಹುದ್ದೆಗಳನ್ನು ಮೀಸಲಾತಿಯಂತೆ ತುಂಬಿ. ಅತಿಥಿ ಉಪನ್ಯಾಸಕರೆಂಬ ಹೊಸ ಜೀತ ನಿಲ್ಲಿಸಿ. ವಿದ್ಯಾರ್ಥಿವೇತನ ವರ್ಷ ಕಳೆದ ಮೇಲಲ್ಲ, ಫೀಸು ಕಟ್ಟುವ ಮುಂಚೆ ಕೊಡಿ. ಮಂಡ್ಯದಲ್ಲೇ ಇರಲಿ, ಮೈಸೂರಿಗೇ ಸೇರಲಿ, ಹಳ್ಳಿಯ ಹುಡುಗಿ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ದೂರದಲ್ಲಿ ಎಂ.ಎ., ಎಂ.ಎಸ್ಸಿ. ಉಳಿಯಲಿ. ಹಳ್ಳಿ ಮೇಷ್ಟರೇ, ನೀವು ಏಳನೇ ಕ್ಲಾಸಿನ ಮಕ್ಕಳಿಗೆ ಮೈಸೂರು ವಿಶ್ವವಿದ್ಯಾನಿಲಯ ಕಟ್ಟಿದ್ದು ಯಾರು ಅಂತ ಕೇಳಿದಾಗ, ಮಹಾರಾಜರು ಅಂದ ಮಗುವಿಗೆ ಅರ್ಧ ಮಾರ್ಕು ಕೊಡಿ. ‘ನಮ್ಮ ತಾತ’ ಅಂದ ಮಗುವಿಗೆ ಪೂರ್ತಿ ಕೊಡಿ. ಆ ಮಗು ನಾಳೆ ತನ್ನ ತಾತನ ಆಸ್ತಿ ಕೇಳಲು ಬರುತ್ತದೆ. ಬುದ್ಧಿ ಅಂತ ಕೈ ಕಟ್ಟಿಕೊಂಡು ಬರುವುದಿಲ್ಲ.